ಕುಲಸುಂಬಿ ಚಾಚಿ ಬಣ್ಣ ತುಂಬಿದ ಎಲೆಗಳು

ನಿಪ್ಪಾಣಿಯ ಪೇಟೆಯಲ್ಲಿ, ಮಾಳಸಿದ್ದನ ಪುಸ್ತಕದಂಗಡಿಗೆ ಯಾರೇ ಬಂದು ದೊಡ್ಡವರಿಗಾಗಿಯೇ ಇರುವ ಬಣ್ಣ ತುಂಬುವ ಪುಸ್ತಕ ಕೇಳಲಿ, ಕುಲಸುಂಬಿ ಚಾಚಿಯ ಒಪ್ಪಿಗೆ ಸಿಗದೆ ಅದು ಹೊಸ್ತಿಲು ದಾಟುವುದಿಲ್ಲ. ದಿನಾ ಮಧ್ಯಾಹ್ನ ಅಂಗಡಿಯ ಕಟ್ಟೆಗೆ ಬಂದು ಕೂರುವ ಈಕೆ ಮೊದಲು ಹಾಳೆಯನ್ನು ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು, "ಇದು ಹಪ್ಪಳಕ್ಕಿಂತ ತೆಳ್ಳಗ ಐತೆಲ್ಲೋ ಮಾಳಸಿದ್ದಾ! ಸ್ಕೆಚ್ ಪೆನ್ ಹಚ್ಚಿದ್ರ ಈ ಕಡಿ ನವಿಲು ಆ ಕಡಿ ಮೀನಿನ ಮೈಮ್ಯಾಲ ಮೂಡ್ತೈತಿ" ಎಂದು ಅವನ ಮುಖ ಇಳಿಸುತ್ತಾಳೆ. ಆಮೇಲೆ ಗಿರಾಕಿಯ ಸರದಿ. ಚಾಳೀಸು ಕನ್ನಡಕ ಹಾಕಿಕೊಂಡವರಿಗೆ ದೊಡ್ಡ ದೊಡ್ಡ ಕಮಲ, ಸಿಡುಕಿನ ಮಾಸ್ತರರಿಗೆ ಸಣ್ಣ ಹೂವಿನ ಬಳ್ಳಿ: "ಸಾವಕಾಶ ತುಂಬ್ರಿ ಸರ್, ಸಿಟ್ಟು ತಾನ ದಣೀತೈತಿ." ನಾಚಿಕೊಂಡು "ಮೊಮ್ಮಗಳಿಗೆ ಬೇಕಾಗಿತ್ತು" ಎನ್ನುವವರನ್ನಂತೂ ಬಿಡುವುದೇ ಇಲ್ಲ, "ಮೊಮ್ಮಗಳಿಗೂ ನಿಮ್ಮಂಗ ಮಂಡಿ ನೋವು ಐತೇನ್ರಿ, ಕುಂತಲ್ಲೇ ಬಣ್ಣ ತುಂಬಾಕ?" ಎಂದು ಕೇಳಿ, ಅವರನ್ನೂ ನಗಿಸಿ, ತಾನೂ ನಗುತ್ತಾಳೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತನ್ನ ಪುಸ್ತಕ ತೆರೆಯುತ್ತಾಳೆ. ಅದರಲ್ಲಿ ಹಕ್ಕಿ, ಹೊಳೆ, ಚಿಟ್ಟೆ ಎಲ್ಲವೂ ಬೆಳ್ಳಗೆ ಉಳಿದಿವೆ. ಬಣ್ಣ ಕಂಡಿರುವುದು ಎಲೆಗಳು ಮಾತ್ರ. "ಚಾಚಿ, ಹಕ್ಕಿಗಳು ಏನ್ ಪಾಪ ಮಾಡ್ಯಾವ?" ಎಂದು ಒಮ್ಮೆ ಮಾಳಸಿದ್ದ ಚೇಷ್ಟೆ ಮಾಡಿದ. ಆಕೆ ತಲೆ ಎತ್ತಲಿಲ್ಲ. "ಸಣ್ಣಾಕಿ ಇದ್ದಾಗಿಂದ ಬೀಡಿ ಕಟ್ಟಾಕ ಎಲಿ ಕತ್ತರಿಸಿಕೋತನ ಬಂದೀನಪ್ಪಾ. ಒಂದ ಎಲಿನೂ ಇಡಿಯಾಗಿ ನನ್ನ ಕೈಯಾಗ ಉಳೀಲಿಲ್ಲ" ಎಂದಳು. ಮಾಳಸಿದ್ದ ಹಸಿರು ಪೆನ್ಸಿಲನ್ನು ಚೂಪು ಮಾಡಿ ಆಕೆಯ ಕೈಗಿತ್ತ.