ಕಟ್ಟಿನೊಳಗೆ ಮರೆಯಾಗಿದ್ದ ಅವ್ವ

ತಮಿಳುನಾಡಿನ ಕಂಬಂ ಕಣಿವೆಯ ಹೊಳೆ ಮತ್ತು ಅದರ ದಡದ ಊರುಗಳ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಕೊಳ್ಳುವುದು ನನ್ನ ಕೆಲಸ. ಅಲ್ಲಿನ ಕೊಂಬೈ ಊರಿನ ಒಂದು ಕನ್ನಡದವರ ಮನೆಯ ಗೋಡೆಯಲ್ಲಿ, ಮರದ ಕಟ್ಟು ಹಾಕಿಸಿದ ಅಂಥದ್ದೊಂದು ಸಿಕ್ಕಿತು. ತುಂಬಿ ಹರಿಯುವ ಹೊಳೆ, ದಡದಲ್ಲಿ ಸಾಲಾಗಿ ನಿಂತ ಜನ. ಆದರೆ ಚಿತ್ರ ತೇವಕ್ಕೆ ಗಾಜಿಗೇ ಅಂಟಿಕೊಂಡಿತ್ತು.

"ಬಿಚ್ಚಿದರೆ ಹರಿದುಹೋಗಬಹುದು ಅಜ್ಜಿ. ಗಾಜಿನ ಮೇಲಿಂದಲೇ ತೆಗೆದುಕೊಳ್ತೀನಿ," ಎಂದೆ.

ಮನೆಯ ಅಜ್ಜಿ ಒಪ್ಪಲಿಲ್ಲ. "ಬಿಚ್ಚು ಸಾಮಿ. ನಮ್ಮವ್ವ ಸಾಲಿನ ಕೊನೇಲಿ ನಿಂತಿದ್ಲಂತೆ. ಕಟ್ಟಿನ ಮರ ಅವಳನ್ನ ಮುಚ್ಚೈತೆ. ನಾನು ಕೂಸಾಗಿದ್ದಾಗ್ಲೇ ಹೋದ್ಲು, ಮೊಖ ಕಂಡೋಳಲ್ಲ."

ಸೊಸೆ ತಮಿಳಿನಲ್ಲಿ ಬೇಡ ಬೇಡ ಎಂದಳು. ನನಗೂ ಅದೇ ಬೇಕಿತ್ತು. ಆದರೆ ಅಜ್ಜಿ ಅಷ್ಟರಲ್ಲಿ ಪಟವನ್ನು ನನ್ನ ಮುಂದಿಟ್ಟಾಗಿತ್ತು.

ಕಟ್ಟು ಬಿಚ್ಚಿ, ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಗಾಜಿಗೂ ಚಿತ್ರಕ್ಕೂ ನಡುವೆ ಮೆಲ್ಲಗೆ ತೂರಿಸಿದೆ. ಅರ್ಧ ಬಂದಿತ್ತು, ಚರ್ ಎಂದಿತು. ಹೊಳೆಯ ಒಂದು ತುಣುಕು ಗಾಜಿನಲ್ಲೇ ಉಳಿಯಿತು. ನನ್ನ ಕೈ ಅಲ್ಲೇ ನಿಂತುಹೋಯಿತು.

"ನೀರು ತಾನೆ? ಹೋಗ್ಲಿ," ಎಂದಳು ಅಜ್ಜಿ. "ಅವ್ವನ ಕಡೀಕೆ ನಿಧಾನ."

ಕೊನೆಗೂ ಆ ಅಂಚು ಬಿಡಿಸಿಕೊಂಡಿತು. ಹೆಂಗಸೊಬ್ಬಳು ನಿಂತಿದ್ದಳು, ನಿಜ. ಆದರೆ ಅವಳ ಮುಖ ಅತ್ತ ಹೊಳೆಯ ಕಡೆಗಿತ್ತು. ಕಾಣುತ್ತಿದ್ದುದು ತುರುಬು, ಒಂದು ಕಿವಿ, ಅಷ್ಟೆ.

ಅಜ್ಜಿ ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ತನ್ನ ಅಗಲ ಕಿವಿಯನ್ನು ಹಿಡಿದು ಸೊಸೆಯ ಕಡೆ ತಿರುಗಿದಳು. "ನೋಡೇ, ಇದೇ ಕಿವಿ!"

ಈಗ ನನ್ನ ಬಳಿ ಆ ಚಿತ್ರದ ಸ್ಕ್ಯಾನ್ ನೋಡಲು ಬಂದವರೆಲ್ಲ ಹೊಳೆಯನ್ನೇ ನೋಡುತ್ತಾರೆ. ಕಿವಿ ನೋಡಿ ಎಂದರೆ ನನ್ನ ಮುಖ ನೋಡುತ್ತಾರೆ.