ಕೋಟೆ ಅಜ್ಜಿಯ ಕುಟ್ಟಾಣಿ

ಸೊಂಟದ ಮೂಳೆ ಮುರಿದುಕೊಂಡು ಆಲ್ಕೊಳದ ಹತ್ತಿರದ ಆರೈಕೆ ಮನೆಯಲ್ಲಿ ನಾನು ಕೆಲವು ತಿಂಗಳಿದ್ದದ್ದು ಎರಡು ಸಾವಿರದ ಇಸವಿಯ ಆಚೀಚೆ. ಅಯ್ಯೋ, ಅಷ್ಟು ಹಾಯಾಗಿ ನಾನು ಇನ್ನೆಲ್ಲೂ ನಕ್ಕಿಲ್ಲ. ಮೊದಮೊದಲು ಮಾತ್ರ ಸಿಟ್ಟಿನಲ್ಲಿ ಕುದಿಯುತ್ತಿದ್ದೆ.

ಸಿಟ್ಟು ಕೋಟೆ ಕಡೆಯಿಂದ ಬಂದಿದ್ದ ಅಜ್ಜಿಯ ಮೇಲೆ. ನಮ್ಮಲ್ಲಿ ಯಾರಿಗೂ ನೆಟ್ಟಗೆ ಹಲ್ಲಿರಲಿಲ್ಲ, ಎಲೆಅಡಿಕೆ ಕುಟ್ಟುವ ಹಿತ್ತಾಳೆ ಕುಟ್ಟಾಣಿ ಇದ್ದದ್ದು ಅವಳೊಬ್ಬಳ ಹತ್ತಿರ. ಸಂಜೆ ಜಗಲಿಯಲ್ಲಿ ಅವಳದೇ ದರ್ಬಾರು, ಕುಟ್ಟಿದ್ದನ್ನು ತಟ್ಟೆಯಲ್ಲಿಟ್ಟು ಸಾಲಾಗಿ ಎಲ್ಲರಿಗೂ ಚಾಚುತ್ತಿದ್ದಳು. ಒಂದು ಮಾತ್ರ ನಿಜ, ಎಲ್ಲರೂ ತಗೊಳ್ಳುವ ತನಕ ತಾನು ಬಾಯಿಗೆ ಹಾಕುತ್ತಿರಲಿಲ್ಲ. "ಕೊಡೋಳು ಕೊನೇಲಿ ತಿನ್ಬೇಕು, ನಮ್ಮನೆ ಪದ್ಧತಿ" ಎಂದು ದಿನವೂ ಸಾರುತ್ತಿದ್ದಳು.

ನನ್ನ ಕೋಣೆಯಲ್ಲಿದ್ದವಳು ಭದ್ರಾವತಿಯ ಕಾಗದನಗರದವಳು, ಮನೆಮಾತು ತಮಿಳು. ಕೋಟೆ ಅಜ್ಜಿ ಅವಳ ಕನ್ನಡವನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಅವಳು ಲೆಕ್ಕಕ್ಕೇ ಇಲ್ಲವೆನ್ನುವಂತೆ ತಟ್ಟೆಯನ್ನು ಅವಳ ಮುಂದಿನಿಂದ ದಾಟಿಸಿಬಿಡುತ್ತಿದ್ದಳು. "ಕೈಮುಗಿದು ಕೇಳು, ಕೊಡ್ತೀನಿ." ಪಾಪ, ಅವಳು ಹೊರಗೆ ಬರುವುದನ್ನೇ ಬಿಟ್ಟಳು. ಆಗಷ್ಟೇ ಶುರುವಾಗಿದ್ದ ವಾಕರ್ ನಡಿಗೆಯೂ ನಿಂತಿತು.

ಭಾನುವಾರ ನೋಡಲು ಬಂದ ಮಗಳ ಕೈ ಹಿಡಿದು, "ಇಲ್ಲಿ ಬೇಡಮ್ಮಾ, ಕರ್ಕೊಂಡು ಹೋಗು" ಎಂದಳು. ಮಗಳು ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ಎತ್ತಿ ಕೂರಿಸಲೂ ಜನವಿಲ್ಲ. ಹೋದರೆ ಇವಳು ಮಂಚ ಬಿಟ್ಟು ಏಳುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. "ಮುಂದಿನ ವಾರ ನೋಡೋಣ" ಎಂದು ಮಗಳು ಕಣ್ಣೊರೆಸಿಕೊಂಡು ಹೊರಟಳು.

ಆ ಸಂಜೆ ತಟ್ಟೆ ನನ್ನ ಮುಂದೆ ಬಂದಾಗ ಹಿಂದಕ್ಕೆ ತಳ್ಳಿದೆ. "ಮೊದ್ಲು ಒಳಗಿರೋಳಿಗೆ ಕೊಡು. ಆಮೇಲೆ ನಂಗೆ."

ಪಕ್ಕದವಳು, "ನಂಗೂ ಆಮೇಲೆ" ಎಂದಳು. ಹಾಗೇ ಒಬ್ಬೊಬ್ಬರೂ. ತಟ್ಟೆ ತುಂಬಿದ್ದು ತುಂಬಿದಂತೆಯೇ ಕೋಟೆ ಅಜ್ಜಿಯ ತೊಡೆಗೆ ಬಂತು.

"ಇದೊಳ್ಳೆ ಕಥೆಯಾಯ್ತಲ್ಲ ಮಾರಾಯ್ತಿ!"

"ನೀನು ತಿನ್ನು, ಯಾರು ಬೇಡ ಅಂದ್ರು?" ಎಂದೆ.

"ಹೆಂಗೆ ತಿನ್ಲಿ? ಎಲ್ರದ್ದೂ ಆಗ್ಲಿಲ್ವಲ್ಲ!"

ಎಲೆಅಡಿಕೆಗೆ ಜೀವ ಬಿಡುವವಳು, ಎಂಜಲು ನುಂಗುತ್ತ ಕೂತಳು. ನನಗೋ ಒಳಗೊಳಗೇ ಖುಷಿ. ಕೊನೆಗೆ ಕೋಣೆಯ ಕಡೆ ತಿರುಗಿ ಕೂಗಿದಳು: "ಏ, ಬಾರೇ ಹೊರಗೆ! ಕೈಯೂ ಮುಗೀಬೇಡ, ಏನೂ ಬೇಡ. ನನ್ನ ಬಾಯಿ ಒಣಗ್ತಿದೆ!"

ವಾಕರ್ ಟಕ್ ಟಕ್ ಎಂದಿತು. ಕಾಗದನಗರದವಳು ಬಂದು ಕೂತು, ಚಿಟಿಕೆ ಬಾಯಿಗೆ ಹಾಕಿ ನಿಧಾನ ಚಪ್ಪರಿಸಿದಳು.

"ಸುಣ್ಣ ಜಾಸ್ತಿ" ಎಂದಳು.

ಜಗಲಿಯೆಲ್ಲ ಗೊಳ್ಳೆಂದಿತು. ಕೋಟೆ ಅಜ್ಜಿ ಉರಿದುಬಿದ್ದಳು. ಆದರೂ ಮರುದಿನ ಸುಣ್ಣ ಕಡಿಮೆ ಹಾಕಿ, ಮೊದಲು ಅವಳಿಗೇ ತಟ್ಟೆ ಚಾಚಿದಳು.

ಮುಂದಿನ ಭಾನುವಾರ ಮಗಳು ಖಾಲಿ ಬ್ಯಾಗು ಹಿಡಿದು ಬಂದಳು. ತಾಯಿ ಜಗಲಿಯಿಂದ ಏಳಲೇ ಇಲ್ಲ.

"ನಾನು ಹೊರಟ್ರೆ ಈ ಮಾರಾಯ್ತಿ ತಿನ್ನೋದು ಹೆಂಗಮ್ಮಾ?" ಎಂದಳು.