ಅಣ್ಣನ ಹೆಬ್ಬೆರಳು

ಗೆಳೆಯರೇ, ಇವತ್ತು ಬಾಗೇವಾಡಿಯ ಒಂದು ಆನ್‌ಲೈನ್ ಸೆಂಟರಿನಲ್ಲಿ ಆಪರೇಟರ್ ನಮ್ಮಣ್ಣನ ಹೆಬ್ಬೆರಳನ್ನು ಒರೆಸಿ ಒರೆಸಿ ಯಂತ್ರದ ಮೇಲೆ ಒತ್ತಿಸಿದ.

"ಬೆರಳಾಗ ಗೆರಿನ ಇಲ್ರಿ ಕಾಕಾ, ಮಷೀನ್ ತಗೋವಲ್ತು."

ಅಣ್ಣ ಮಾಜಿ ಸೈನಿಕ. ಫೌಜಿನ ಅಡುಗೆಮನೆಯಲ್ಲಿ ಒಲೆ ಸಿಡಿದು ಎರಡೂ ಅಂಗೈ ಸುಟ್ಟವು. ಕಲೆ ಬಿಗಿದು ಮುಷ್ಟಿ ಮುಚ್ಚುವುದಿಲ್ಲ. ಆದರೂ ‘ಗಾಯ ಮಾಯ್ದಿದೆ, ಕೈಗೆ ತೊಂದರೆಯಿಲ್ಲ’ ಎಂದು ವೈದ್ಯರ ಮಂಡಳಿ ಬರೆದಿದ್ದರಿಂದ ಅಂಗವಿಕಲ ಪಿಂಚಣಿ ಸಿಗಲಿಲ್ಲ. ಅದರ ವಿರುದ್ಧ ಮೇಲ್ಮನವಿ ಹಾಕಲು ಹೋಗಿದ್ದೆವು. ಅದಕ್ಕೆ ಹೆಬ್ಬೆರಳ ಗುರುತು ಬೇಕಂತೆ.

"ಸುಟ್ಟ ಕೈ ಅದಾವ್ರಿ" ಎಂದೆ.

"ಹಂಗಾದ್ರ ಕೈ ಕೆಟ್ಟಾವಂತ ಡಾಕ್ಟರ್ ಕಡಿಂದ ಬರಿಸ್ಕೊಂಡು ಬರ್ರಿ ಅಕ್ಕಾರ. ಹೆಬ್ಬಟ್ಟು ಇಲ್ದನ ಅರ್ಜಿ ತಗೋತಾರ."

ಅಣ್ಣ ಅಂಗೈ ನೋಡಿಕೊಂಡ. "ಡಾಕ್ಟರ್ ಅಷ್ಟು ಬರದು ಕೊಟ್ಟಿದ್ರ ನಾ ಇಲ್ಲಿಗೆ ಯಾಕ ಬರ್ತಿದ್ನೋ ತಮ್ಮಾ?"

ಊರಿಗೆ ಮರಳುವ ಗೊಳಸಂಗಿ ಬಸ್ಸಿನಲ್ಲಿ ಅವನು ಸರಳು ಹಿಡಿಯಲಾಗದೆ ಅದಕ್ಕೆ ಮೊಳಕೈ ಸುತ್ತಿ ನಿಂತ.

ಅವನ ಕೈ ಕೆಟ್ಟಿದೆ ಎಂದು ಇಷ್ಟು ವರ್ಷಗಳಲ್ಲಿ ಒಪ್ಪಿಕೊಂಡದ್ದು ಆ ಯಂತ್ರವೊಂದೇ. ಅದನ್ನು ವೈದ್ಯರ ಮಂಡಳಿಗೆ ಸೇರಿಸಿಕೊಳ್ಳಿ ಎಂದು ಎಲ್ಲಿ ಅರ್ಜಿ ಕೊಡಬೇಕೋ, ಗೊತ್ತಿದ್ದವರು ಹೇಳಿ. ಹೆಬ್ಬೆರಳು ನಾನೇ ಒತ್ತುತ್ತೇನೆ.